ಬ್ಯಾಂಕಿನ ಸ್ವಂತ ಬಂಡವಾಳ ಮತ್ತು ಉದ್ಯಮಿಯ ಸಾಲ

ದುಡಿಮೆ ಬಂಡವಾಳಕ್ಕಾಗಿ ಅರ್ಜಿ ಸಲ್ಲಿಸುವ ಸಣ್ಣ ಉದ್ಯಮಿಯನ್ನು ಬ್ಯಾಂಕಿನ ಅಧಿಕಾರಿ ಮೊಟ್ಟಮೊದಲು ಕೇಳುವುದು ಆತನ ಸ್ವಂತ ಬಂಡವಾಳವೆಷ್ಟು ಎಂಬುದನ್ನು. ನಾಯಕ್ ಸಮಿತಿಯ ಸೂತ್ರದಂತೆ ಅಂದಾಜು ವಹಿವಾಟಿನ ಶೇ. 25ರಷ್ಟು ದುಡಿಮೆ ಬಂಡವಾಳ ಬೇಕೆಂದು ಲೆಕ್ಕ ಹಾಕಿದರೆ, ಅದರಲ್ಲಿ ಐದನೆಯ ಒಂದು ಪಾಲನ್ನು ಉದ್ಯಮಿಯೇ ತರಬೇಕು. ಹೊರಗಿನ ಒಟ್ಟು ಹೊಣೆಗಳು ಸ್ವಂತ ನಿಧಿಯ ಮೂರು ನಾಲ್ಕು ಪಟ್ಟನ್ನು ಮೀರಿದರೆ ಅಧಿಕಾರಿಯ ಹುಬ್ಬು ಗಂಟಿಕ್ಕುತ್ತದೆ. ಇದೇ ಅಳತೆಗೋಲನ್ನು ಬ್ಯಾಂಕಿನ ಜಮಾಖರ್ಚು ಪಟ್ಟಿಗೆ ಹಿಡಿದು ನೋಡಿದವರು ಕಡಿಮೆ. ನಮ್ಮ ದೇಶದ ಹಲವು ಬ್ಯಾಂಕುಗಳಲ್ಲಿ ಪ್ರತಿ 100 ರೂಪಾಯಿ ಆಸ್ತಿಗೆ ಷೇರುದಾರರ ಸ್ವಂತ ಹಣ ಏಳೆಂಟು ರೂಪಾಯಿಗಳ ಆಸುಪಾಸಿನಲ್ಲಿರುತ್ತದೆ. ಉಳಿದದ್ದೆಲ್ಲ ಠೇವಣಿದಾರರದು ಅಥವಾ ಸಾಲ ತಂದದ್ದು. ಯಾವ ಬ್ಯಾಂಕೂ ಇಂತಹ ಜಮಾಖರ್ಚು ಪಟ್ಟಿಯನ್ನು ಹೊತ್ತು ತಂದ ವ್ಯಾಪಾರಿಗೆ ಸಾಲ ಮಂಜೂರು ಮಾಡಲಾರದು!

ಬ್ಯಾಂಕಿಂಗ್ ಎಂಬ ವ್ಯವಹಾರದ ಸ್ವರೂಪವೇ ಪರರ ಹಣದಿಂದ ನಡೆಯುವಂಥದ್ದಾದ್ದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಏಳೆಂಟು ರೂಪಾಯಿಯ ತೆಳು ಪದರವು ಹೆಚ್ಚುಕಡಿಮೆಯಾದಾಗ ಉದ್ಯಮಿಗೆ ಸಿಗುವ ಸಾಲದ ಮೊತ್ತ, ತೆರುವ ಬಡ್ಡಿ, ಕೆಲವೊಮ್ಮೆ ಚಾಲ್ತಿ ಖಾತೆಯಲ್ಲಿರುವ ಹಣದ ಲಭ್ಯತೆಯೂ ಬದಲಾಗುತ್ತವೆ. ಬಂಡವಾಳ ಪರ್ಯಾಪ್ತತೆಯ ವಿಷಯವನ್ನು ಬ್ಯಾಂಕರುಗಳಿಗೇ ಬಿಟ್ಟುಬಿಡಲಾಗದು ಎಂಬುದಕ್ಕೆ ಇಷ್ಟು ಸಾಕು.

ಬಂಡವಾಳ ಎಂದರೆ ಯಾವುದು?

ಬಂಡವಾಳವೆಂದರೆ ತಿಜೋರಿಯಲ್ಲಿ ಕಾದಿಟ್ಟ ನಗದು ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ನಗದು ಮೀಸಲು ಅನುಪಾತವಾಗಲೀ ಶಾಸನಬದ್ಧ ದ್ರವ್ಯತಾ ಅನುಪಾತವಾಗಲೀ ಬಂಡವಾಳಕ್ಕೆ ಸಂಬಂಧಿಸಿದವಲ್ಲ. ಅವು ಆಸ್ತಿಯ ಕಡೆಯ ಬಾಬುಗಳು. ಬಂಡವಾಳವು ಹೊಣೆಗಳ ಕಡೆಗೆ ಸೇರಿದ್ದು. ಸಾಲಗಳು ಮುಳುಗಿದಾಗ ಆ ನಷ್ಟವನ್ನು ಮೊದಲು ಯಾರು ಹೊರಬೇಕು ಎಂಬ ಪ್ರಶ್ನೆಗೆ ಅದೇ ಉತ್ತರ. ಪಾವತಿಯಾದ ಷೇರು ಬಂಡವಾಳ ಹಾಗೂ ಲಾಭದಿಂದ ಕೂಡಿಟ್ಟ ಮೀಸಲು ನಿಧಿಗಳು ಇದರ ತಿರುಳು. ಇದಕ್ಕೆ ಸಾಮಾನ್ಯ ಈಕ್ವಿಟಿ ಬಂಡವಾಳವೆಂದು ಹೆಸರು. ಇದರ ಮೇಲೆ, ಅವಧಿಯೇ ಇಲ್ಲದ ಶಾಶ್ವತ ಬಾಂಡುಗಳನ್ನು ಸೇರಿಸಿದರೆ ಒಂದನೆಯ ಶ್ರೇಣಿಯ ಬಂಡವಾಳವಾಗುತ್ತದೆ. ದೀರ್ಘಾವಧಿಯ ಅಧೀನ ಸಾಲಪತ್ರಗಳು ಮತ್ತು ಸಾಮಾನ್ಯ ಅವಕಾಶ ನಿಧಿಯ ಒಂದು ಭಾಗ ಎರಡನೆಯ ಶ್ರೇಣಿಗೆ ಸೇರುತ್ತವೆ.

ಈ ಬಂಡವಾಳವನ್ನು ಒಟ್ಟು ಆಸ್ತಿಗೆ ನೇರವಾಗಿ ಹೋಲಿಸುವುದು ಒಂದು ಕ್ರಮ. ಆಸ್ತಿಗಳನ್ನು ಅವುಗಳ ಅಪಾಯಕ್ಕನುಗುಣವಾಗಿ ತೂಗಿ, ಆ ತೂಕದೊಡನೆ ಹೋಲಿಸುವುದು ಇನ್ನೊಂದು ಕ್ರಮ. ಎರಡನೆಯದು 1988ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೂಪುಗೊಂಡ ಒಪ್ಪಂದದ ಕೊಡುಗೆ. ಅಪಾಯಭಾರಿತ ಆಸ್ತಿಯ ಶೇ. 8ರಷ್ಟಾದರೂ ಬಂಡವಾಳವಿರಬೇಕೆಂದು ಅದು ಹೇಳಿತು. ಭಾರತದಲ್ಲಿ 1991ರ ನರಸಿಂಹಂ ಸಮಿತಿಯ ವರದಿಯ ನಂತರ, 1992ರಲ್ಲಿ ರಿಸರ್ವ್ ಬ್ಯಾಂಕು ಈ ಪದ್ಧತಿಯನ್ನು ಜಾರಿಗೆ ತಂದಿತು. 1998ರ ಎರಡನೆಯ ನರಸಿಂಹಂ ಸಮಿತಿಯ ಸಲಹೆಯಂತೆ 2000ದ ಮಾರ್ಚ್ 31ರಿಂದ ಕನಿಷ್ಠ ಮಟ್ಟವನ್ನು ಶೇ. 9ಕ್ಕೆ ಏರಿಸಲಾಯಿತು. ಬಾಸೆಲ್‌ನ ಮೂರನೆಯ ಒಪ್ಪಂದ 2013ರ ಏಪ್ರಿಲ್ 1ರಿಂದ ಹಂತಹಂತವಾಗಿ ಜಾರಿಗೆ ಬಂದು, ಶೇ. 2.5ರ ಸಂರಕ್ಷಣಾ ಪದರದ ಕೊನೆಯ ಕಂತು 2021ರ ಅಕ್ಟೋಬರ್ 1ರಂದು ಸೇರಿದ ಮೇಲೆ ವಾಣಿಜ್ಯ ಬ್ಯಾಂಕುಗಳು ಶೇ. 11.5ರಷ್ಟು ಬಂಡವಾಳ ಹೊಂದಿರಬೇಕಾಗಿದೆ. ಸ್ಟೇಟ್ ಬ್ಯಾಂಕ್, ಎಚ್.ಡಿ.ಎಫ್.ಸಿ. ಮತ್ತು ಐ.ಸಿ.ಐ.ಸಿ.ಐ. ಬ್ಯಾಂಕುಗಳಿಗೆ ಅವುಗಳ ಗಾತ್ರದ ಕಾರಣದಿಂದ ಇನ್ನಷ್ಟು ಹೆಚ್ಚುವರಿ ಹೊರೆಯಿದೆ. ತೂಗದೆ ನೇರವಾಗಿ ಹೋಲಿಸುವ ಅನುಪಾತಕ್ಕೂ ಮಿತಿಯುಂಟು: 2019ರ ಅಕ್ಟೋಬರ್‌ನಿಂದ ಈ ಮೂರು ಬೃಹತ್ ಬ್ಯಾಂಕುಗಳಿಗೆ ಶೇ. 4, ಇತರ ಬ್ಯಾಂಕುಗಳಿಗೆ ಶೇ. 3.5.

ಬಾಸೆಲ್ ಕೇಳಿದ್ದಕ್ಕಿಂತ ಒಂದು ಅಂಶ ಹೆಚ್ಚಿನ ಕನಿಷ್ಠ ಮಟ್ಟವನ್ನು ಭಾರತ ಇಟ್ಟುಕೊಂಡಿರುವುದನ್ನು ಕೆಲವು ಬ್ಯಾಂಕರುಗಳು ಅನಗತ್ಯ ಹೊರೆಯೆಂದು ಟೀಕಿಸಿದ್ದುಂಟು. ಆದರೆ ವಸೂಲಾತಿಗೆ ವರ್ಷಗಟ್ಟಲೆ ಹಿಡಿಯುವ, ಕೆಟ್ಟ ಸಾಲವನ್ನು ಒಳ್ಳೆಯದೆಂದೇ ತೋರಿಸುವ ಅಭ್ಯಾಸವಿದ್ದ ಅಭಿವೃದ್ಧಿಶೀಲ ದೇಶದಲ್ಲಿ ಜಮಾಖರ್ಚು ಪಟ್ಟಿಯಲ್ಲಿ ಕಾಣುವ ಬಂಡವಾಳದಲ್ಲಿ ಒಂದಿಷ್ಟು ಗಾಳಿಯೂ ಇರುತ್ತದೆ. ಆ ಗಾಳಿಗೆಂದು ಒಂದು ಅಂಶ ಹೆಚ್ಚು ಕೇಳಿದ್ದು ವಿವೇಕದ ಕ್ರಮವೇ ಆಗಿತ್ತೆಂಬುದನ್ನು ಮುಂದಿನ ವರ್ಷಗಳು ತೋರಿಸಿದವು.

ಒಂದು ಕಲ್ಪಿತ ಬ್ಯಾಂಕಿನ ಲೆಕ್ಕ

1,000 ಕೋಟಿ ರೂಪಾಯಿ ಆಸ್ತಿಯ ಒಂದು ಬ್ಯಾಂಕನ್ನು ಕಲ್ಪಿಸಿಕೊಳ್ಳಬಹುದು. ಅದರ ಬಳಿ ನಗದು ಹಾಗೂ ರಿಸರ್ವ್ ಬ್ಯಾಂಕಿನಲ್ಲಿರುವ ಶಿಲ್ಕು 60 ಕೋಟಿ, ಸರ್ಕಾರಿ ಸಾಲಪತ್ರಗಳು 240 ಕೋಟಿ. ಇವೆರಡರ ಅಪಾಯಭಾರ ಸೊನ್ನೆ. ಗೃಹ ಸಾಲಗಳು 150 ಕೋಟಿ, ಶೇ. 35ರ ಭಾರದಂತೆ 52.5 ಕೋಟಿ. ಸಣ್ಣ ಉದ್ಯಮಗಳ ಸಾಲ 200 ಕೋಟಿ, ಶೇ. 75ರಂತೆ 150 ಕೋಟಿ. ಅತ್ಯುಚ್ಚ ಶ್ರೇಯಾಂಕದ ದೊಡ್ಡ ಕಂಪನಿಗಳ ಸಾಲ 100 ಕೋಟಿ, ಶೇ. 20ರಂತೆ 20 ಕೋಟಿ. ಶ್ರೇಯಾಂಕವಿಲ್ಲದ ಕಂಪನಿಗಳ ಸಾಲ 150 ಕೋಟಿ, ಶೇ. 100ರಂತೆ ಅಷ್ಟೇ. ವೈಯಕ್ತಿಕ ಸಾಲಗಳು 60 ಕೋಟಿ, 2023ರ ನವೆಂಬರ್‌ನಲ್ಲಿ ಏರಿಸಿದ ಶೇ. 125ರ ಭಾರದಂತೆ 75 ಕೋಟಿ. ಕಟ್ಟಡ ಇತ್ಯಾದಿ 40 ಕೋಟಿ. ಒಟ್ಟು ಅಪಾಯಭಾರಿತ ಆಸ್ತಿ 487.5 ಕೋಟಿ. ಮಾರುಕಟ್ಟೆಯ ಹಾಗೂ ಕಾರ್ಯಾಚರಣೆಯ ಅಪಾಯಗಳಿಗೂ ಬಂಡವಾಳ ಬೇಕು. ಲೆಕ್ಕ ಸರಳವಾಗಲೆಂದು ಅವನ್ನಿಲ್ಲಿ ಕೈಬಿಡಲಾಗಿದೆ.

ಈ ಬ್ಯಾಂಕಿನ ಬಂಡವಾಳ 70 ಕೋಟಿಯೆಂದಾದರೆ ಒಟ್ಟು ಆಸ್ತಿಗೆ ಅದು ಶೇ. 7 ಮಾತ್ರ. ಅಪಾಯಭಾರಿತ ಆಸ್ತಿಗೆ ಶೇ. 14.4. ಒಂದೇ ಬ್ಯಾಂಕು, ಒಂದೇ ದಿನ, ಎರಡು ಅನುಪಾತಗಳು. ಪತ್ರಿಕೆಗಳಲ್ಲಿ ಪ್ರಕಟವಾಗುವುದು ಎರಡನೆಯದು.

ಇನ್ನು ಶ್ರೇಯಾಂಕವಿಲ್ಲದ ಕಂಪನಿಗಳ ಸಾಲದಲ್ಲಿ 20 ಕೋಟಿ ಪೂರ್ತಿಯಾಗಿ ಮುಳುಗಿತೆನ್ನೋಣ. ಅದು ಬ್ಯಾಂಕಿನ ಒಟ್ಟು 660 ಕೋಟಿ ಸಾಲದ ಶೇ. 3ರಷ್ಟು, ಅಸಾಧಾರಣ ಅನಾಹುತವೇನಲ್ಲ. ಆದರೆ ಬಂಡವಾಳ 50 ಕೋಟಿಗೆ ಇಳಿಯಿತು. ಅಪಾಯಭಾರಿತ ಆಸ್ತಿ 467.5 ಕೋಟಿಯಾಯಿತು. ಅನುಪಾತ ಶೇ. 10.7. ಶೇ. 11.5ಕ್ಕೆ ಮರಳಲು ಹೊಸ ಬಂಡವಾಳ ತರಬೇಕು. ಅದು ದೊರೆಯದಿದ್ದರೆ ಅಪಾಯಭಾರಿತ ಆಸ್ತಿಯನ್ನು ಸುಮಾರು 435 ಕೋಟಿಗೆ ಕುಗ್ಗಿಸಬೇಕು. ಅಂದರೆ ಸುಮಾರು 33 ಕೋಟಿ ಕಡಿಮೆಯಾಗಬೇಕು. ಶೇ. 75ರ ಭಾರವಿರುವ ಸಣ್ಣ ಉದ್ಯಮಗಳ ಸಾಲವನ್ನೇ ಮೊಟಕುಗೊಳಿಸಿ ಇದನ್ನು ಸಾಧಿಸಹೊರಟರೆ ಸುಮಾರು 44 ಕೋಟಿಯ ಸಾಲಗಳನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ, ಅಥವಾ ನವೀಕರಿಸದೆ ಬಿಡಬೇಕಾಗುತ್ತದೆ.

ಯಾವುದೋ ದೊಡ್ಡ ಕಂಪನಿಯು 20 ಕೋಟಿ ಮುಳುಗಿಸಿದ್ದಕ್ಕೆ, ಕಂತನ್ನು ತಪ್ಪದೆ ಕಟ್ಟುತ್ತಿದ್ದ ಸಣ್ಣ ಉದ್ಯಮಿಗಳ 44 ಕೋಟಿಯ ಸಾಲಕ್ಕೆ ಕತ್ತರಿ ಬಿದ್ದಂತಾಯಿತು. ಖಾತೆಯ ನಡವಳಿಕೆ ನಿಷ್ಕಳಂಕವಾಗಿದ್ದರೂ ಮಿತಿಯನ್ನು ಏಕೆ ಹೆಚ್ಚಿಸಲಿಲ್ಲವೆಂದು ತಲೆ ಕೆಡಿಸಿಕೊಳ್ಳುವ ಉದ್ಯಮಿಗೆ ಶಾಖಾ ವ್ಯವಸ್ಥಾಪಕರು ಈ ಕಾರಣವನ್ನು ಹೇಳುವುದಿಲ್ಲ. ಎಷ್ಟೋ ಸಲ ಅದು ಅವರಿಗೂ ತಿಳಿದಿರುವುದಿಲ್ಲ.

ಬಡ್ಡಿಯೊಳಗೆ ಅಡಗಿರುವ ಬಂಡವಾಳದ ಬೆಲೆ

ಒಂದು ಕೋಟಿ ರೂಪಾಯಿ ಸಾಲಕ್ಕೆ ಬ್ಯಾಂಕು ತನ್ನ ಸ್ವಂತ ಬಂಡವಾಳದಿಂದ ಎಷ್ಟನ್ನು ಕಟ್ಟಿಹಾಕಬೇಕೆಂಬುದು ಸಾಲಗಾರ ಯಾರೆಂಬುದನ್ನು ಅವಲಂಬಿಸಿದೆ. ಶೇ. 11.5ರ ಲೆಕ್ಕದಲ್ಲಿ ಅತ್ಯುಚ್ಚ ಶ್ರೇಯಾಂಕದ ಕಂಪನಿಗೆ 2.3 ಲಕ್ಷ, ಚಿಲ್ಲರೆ ವರ್ಗಕ್ಕೆ ಸೇರಿದ ಸಣ್ಣ ಉದ್ಯಮಕ್ಕೆ 8.6 ಲಕ್ಷ, ಶ್ರೇಯಾಂಕವಿಲ್ಲದ ಕಂಪನಿಗೆ 11.5 ಲಕ್ಷ. ಬಿಬಿ ಅಥವಾ ಅದಕ್ಕಿಂತ ಕೆಳಗಿನ ಶ್ರೇಯಾಂಕದ ಕಂಪನಿಗೆ ಶೇ. 150ರ ಭಾರದಂತೆ 17.25 ಲಕ್ಷ. ಷೇರುದಾರರು ಶೇ. 15ರ ಪ್ರತಿಫಲ ಬಯಸುತ್ತಾರೆ, ಠೇವಣಿಗೆ ಶೇ. 6 ತಗಲುತ್ತದೆ ಎಂದಿಟ್ಟುಕೊಂಡರೆ ಈ ಎರಡರ ನಡುವಿನ ಶೇ. 9ರ ಅಂತರವನ್ನು ಸಾಲಗಾರನೇ ತುಂಬಿಕೊಡಬೇಕು. ಅತ್ಯುಚ್ಚ ಶ್ರೇಯಾಂಕದವನಿಗೆ ಅದು ಬಡ್ಡಿಯಲ್ಲಿ ಶೇ. 0.2, ಸಣ್ಣ ಉದ್ಯಮಿಗೆ ಸುಮಾರು ಶೇ. 0.8, ಶ್ರೇಯಾಂಕವಿಲ್ಲದ ಕಂಪನಿಗೆ ಶೇ. 1, ಬಿಬಿ ದರ್ಜೆಯವನಿಗೆ ಶೇ. 1.5ಕ್ಕೂ ಹೆಚ್ಚು. ಠೇವಣಿಯ ಬಡ್ಡಿಗೆ ತೆರಿಗೆ ವಿನಾಯಿತಿಯುಂಟು, ಲಾಭಾಂಶಕ್ಕಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಅಂತರ ಇನ್ನೂ ಹಿಗ್ಗುತ್ತದೆ. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮಗಳ ಬದಲಾಗುವ ಬಡ್ಡಿಯ ಸಾಲಗಳು ರೆಪೋದಂತಹ ಬಾಹ್ಯ ಮಾನದಂಡಕ್ಕೆ ಹೊಂದಿಕೊಂಡಿವೆ. ಆದರೆ ಮಾನದಂಡದ ಮೇಲೆ ಸೇರಿಸುವ ಅಂತರದಲ್ಲಿ ಈ ಬಂಡವಾಳದ ಬೆಲೆ ಕುಳಿತಿರುತ್ತದೆ.

ಶೇ. 75ರ ರಿಯಾಯಿತಿ ತಾನಾಗಿ ಬರುವುದಿಲ್ಲ. ಒಬ್ಬ ಸಾಲಗಾರನ ಒಟ್ಟು ಹೊರೆ 7.5 ಕೋಟಿಯೊಳಗಿರಬೇಕು, ಈ ಮಿತಿ 2020ರ ಅಕ್ಟೋಬರ್‌ಗೆ ಮುಂಚೆ 5 ಕೋಟಿಯಿತ್ತು. ಕಳೆದ ಮೂರು ವರ್ಷಗಳ ಸರಾಸರಿ ವಹಿವಾಟು 50 ಕೋಟಿಗಿಂತ ಕಡಿಮೆಯಿರಬೇಕು. ಗಡಿಯ ಅಂಚಿನಲ್ಲಿರುವ ಉದ್ಯಮವು ಸಾಲದ ಮಿತಿಯನ್ನು ಏಳರಿಂದ ಎಂಟು ಕೋಟಿಗೆ ಏರಿಸಿಕೊಂಡಾಗ ಏರಿದ ಒಂದು ಕೋಟಿಗೆ ಮಾತ್ರವಲ್ಲ, ಇಡೀ ಎಂಟು ಕೋಟಿಗೂ ಭಾರ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಶ್ರೇಯಾಂಕದ ವಿಷಯದಲ್ಲಿ ಇನ್ನೂ ವಿಚಿತ್ರವಾದ ಸಂಗತಿಯಿದೆ. ಬಿಬಿಬಿ ಶ್ರೇಯಾಂಕಕ್ಕೂ ಶ್ರೇಯಾಂಕವೇ ಇಲ್ಲದಿರುವುದಕ್ಕೂ ಭಾರ ಒಂದೇ, ಶೇ. 100. ಎ ದರ್ಜೆ ದೊರೆತರೆ ಮಾತ್ರ ಶೇ. 50ಕ್ಕೆ ಇಳಿಯುತ್ತದೆ. ಬಿಬಿಗೆ ಜಾರಿದರೆ ಶೇ. 150. ಆದ್ದರಿಂದ ಕೆಟ್ಟ ಶ್ರೇಯಾಂಕಕ್ಕಿಂತ ಶ್ರೇಯಾಂಕವಿಲ್ಲದಿರುವುದೇ ಲೇಸೆಂಬ ತರ್ಕ ಹುಟ್ಟಿತು. ಬ್ಯಾಂಕಿಂಗ್ ವ್ಯವಸ್ಥೆಯಿಂದ 200 ಕೋಟಿಗೂ ಮೀರಿ ಸಾಲ ಪಡೆದ, ಶ್ರೇಯಾಂಕವಿಲ್ಲದ ಕಂಪನಿಗಳಿಗೂ ಶೇ. 150ರ ಭಾರ ಹೇರಿ ರಿಸರ್ವ್ ಬ್ಯಾಂಕು ಈ ದಾರಿಯನ್ನು ದೊಡ್ಡವರಿಗೆ ಮುಚ್ಚಿತು. ಮಧ್ಯಮ ಗಾತ್ರದ ಕಂಪನಿಗಳು ಬೇರೊಂದು ಬಲೆಗೆ ಬೀಳುವುದುಂಟು: ಒಮ್ಮೆ ಶ್ರೇಯಾಂಕ ಪಡೆದು, ಮರುವರ್ಷ ಶುಲ್ಕವನ್ನೂ ಮಾಹಿತಿಯನ್ನೂ ಕೊಡದೆ ಸುಮ್ಮನಾಗುವುದು. ಆಗ ಸಂಸ್ಥೆಯು ಸಹಕರಿಸದ ಕಂಪನಿಯೆಂದು ಷರಾ ಬರೆಯುತ್ತದೆ, ಬಹಳ ಸಲ ದರ್ಜೆಯನ್ನೂ ಇಳಿಸುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಭಾರವೂ ಅದರೊಡನೆ ಏರುತ್ತದೆ.

ಆಧಾರದ ವಿಷಯದಲ್ಲೂ ಉದ್ಯಮಿಗಳ ಎಣಿಕೆಗೂ ನಿಯಮಕ್ಕೂ ತಾಳೆಯಾಗುವುದಿಲ್ಲ. ನಿವೇಶನ, ಕಾರ್ಖಾನೆಯ ಕಟ್ಟಡ, ಯಂತ್ರಗಳನ್ನು ಅಡವಿಟ್ಟರೆ ಬ್ಯಾಂಕಿಗೆ ವಸೂಲಾತಿಯ ಭರವಸೆ ದೊರೆಯುತ್ತದೆ, ನಿಜ. ಆದರೆ ಉದ್ಯಮ ಸಾಲದ ಬಂಡವಾಳದ ಲೆಕ್ಕದಲ್ಲಿ ಅವಕ್ಕೆ ಬೆಲೆಯಿಲ್ಲ. ನಗದು ಠೇವಣಿ, ಚಿನ್ನ, ಸರ್ಕಾರಿ ಸಾಲಪತ್ರ, ಸಮರ್ಪಣಾ ಮೌಲ್ಯವಿರುವ ಜೀವವಿಮಾ ಪಾಲಿಸಿಗಳಂತಹವುಗಳಿಗೆ ಮಾತ್ರ ಬೆಲೆ. ಎರಡು ಕೋಟಿಯ ನಿವೇಶನ ಕೊಟ್ಟೂ ಬಡ್ಡಿ ಇಳಿಯಲಿಲ್ಲವೆಂದು ಗೊಣಗುವವರಿಗೆ ಇದೂ ಒಂದು ಉತ್ತರ. ಇದಕ್ಕಿಂತ ಬಲವಾದದ್ದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿಯ ರಕ್ಷೆ. ಖಾತರಿಯಿರುವ ಭಾಗಕ್ಕೆ ಅಪಾಯಭಾರ ಸೊನ್ನೆ. ಒಂದು ಕೋಟಿ ಸಾಲದಲ್ಲಿ ಶೇ. 75ಕ್ಕೆ ಖಾತರಿಯಿದ್ದರೆ ಉಳಿದ 25 ಲಕ್ಷಕ್ಕೆ ಮಾತ್ರ ಬಂಡವಾಳ ಬೇಕು, ಅಂದರೆ 8.6 ಲಕ್ಷದ ಬದಲು ಸುಮಾರು 2.2 ಲಕ್ಷ. ಅತ್ಯುಚ್ಚ ಶ್ರೇಯಾಂಕದ ಕಂಪನಿಗೆ ಬೇಕಾದುದಕ್ಕಿಂತಲೂ ಕಡಿಮೆ! ಖಾತರಿಯ ಮಿತಿ 2023ರ ಏಪ್ರಿಲ್‌ನಲ್ಲಿ 5 ಕೋಟಿಗೂ, 2025ರ ಏಪ್ರಿಲ್‌ನಲ್ಲಿ 10 ಕೋಟಿಗೂ ಏರಿದೆ. ಖಾತರಿ ಶುಲ್ಕವನ್ನು ಸಾಮಾನ್ಯವಾಗಿ ಉದ್ಯಮಿಯೇ ಭರಿಸುತ್ತಾನೆ. ಹಾಗಿರುವಾಗ ಬ್ಯಾಂಕಿಗೆ ಉಳಿದ ಬಂಡವಾಳದ ಲಾಭದಲ್ಲಿ ಒಂದು ಪಾಲನ್ನು ಬಡ್ಡಿಯ ಇಳಿಕೆಯ ರೂಪದಲ್ಲಿ ಕೇಳುವುದು ನ್ಯಾಯವೇ ಆಗಿದೆ. ಕೇಳುವವರು ಮಾತ್ರ ವಿರಳ.

ಸಾಲವೇ ಅಲ್ಲದ ಸೌಲಭ್ಯಗಳಿಗೂ ಬಂಡವಾಳ ತಗಲುತ್ತದೆ. ಹಣಕಾಸು ಸ್ವರೂಪದ ಬ್ಯಾಂಕ್ ಗ್ಯಾರಂಟಿಯನ್ನು ಪೂರ್ತಿ ಸಾಲವೆಂದೂ, ಗುತ್ತಿಗೆ ನಿರ್ವಹಣೆಯ ಗ್ಯಾರಂಟಿಯನ್ನು ಅರ್ಧವೆಂದೂ, ಸರಕಿನ ದಾಖಲೆಗಳ ಭದ್ರತೆಯಿರುವ ಅಲ್ಪಾವಧಿಯ ಸಾಖಪತ್ರವನ್ನು ಶೇ. 20ರಷ್ಟೆಂದೂ ಎಣಿಸಲಾಗುತ್ತದೆ. ಇಟ್ಟ ನಗದು ಮಾರ್ಜಿನ್ನಿನಿಂದ ಈ ಹೊರೆ ಇಳಿಯುತ್ತದೆ. ಮಾರ್ಜಿನ್ ಹೆಚ್ಚಿದಾಗ ಕಮಿಷನ್ ದರವನ್ನು ಚರ್ಚಿಸಲು ಅವಕಾಶವಿರುವುದು ಇದರಿಂದಲೇ.

ಪದರ ಹರಿದಾಗ

2015ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಆಸ್ತಿ ಗುಣಮಟ್ಟದ ತಪಾಸಣೆಯು ಹಲವು ವರ್ಷಗಳಿಂದ ಮುಚ್ಚಿಟ್ಟ ಕೆಟ್ಟ ಸಾಲಗಳನ್ನು ಬೆಳಕಿಗೆ ತಂದಿತು. 2018ರ ಮಾರ್ಚ್ ವೇಳೆಗೆ ವಾಣಿಜ್ಯ ಬ್ಯಾಂಕುಗಳ ಒಟ್ಟು ಅನುತ್ಪಾದಕ ಆಸ್ತಿ ಶೇ. 11ನ್ನು ಮೀರಿತ್ತು. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಲ್ಲಿ ಅದು ಶೇ. 14ಕ್ಕೂ ಹೆಚ್ಚು. ಹನ್ನೊಂದು ಸರ್ಕಾರಿ ಬ್ಯಾಂಕುಗಳು ತ್ವರಿತ ಸರಿಪಡಿಸುವ ಕ್ರಮದ ಚೌಕಟ್ಟಿಗೆ ಒಳಪಟ್ಟವು. 2018ರ ಮೇ ತಿಂಗಳಲ್ಲಿ ದೇನಾ ಬ್ಯಾಂಕಿಗೆ ಹೊಸ ಸಾಲ ನೀಡದಂತೆಯೇ ನಿರ್ಬಂಧ ಬಿತ್ತು. ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕೂ ಈ ಪಟ್ಟಿಯಲ್ಲಿತ್ತು. 2019ರ ಫೆಬ್ರವರಿಯಲ್ಲಿ ಸರ್ಕಾರ 9,086 ಕೋಟಿ ರೂಪಾಯಿ ಬಂಡವಾಳ ಹಾಕಿದ ಮೇಲೆ ಹೊರಬಂದಿತು. ಮರುವರ್ಷವೇ, 2020ರ ಏಪ್ರಿಲ್ 1ರಂದು, ಅದು ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಲೀನವಾದವು. ಅದಕ್ಕೂ ಒಂದು ವರ್ಷ ಮುಂಚೆ, ಆ ಪಟ್ಟಿಯ ಹೊರಗೇ ಇದ್ದ ವಿಜಯಾ ಬ್ಯಾಂಕು, ಪಟ್ಟಿಯಲ್ಲಿದ್ದ ದೇನಾದೊಡನೆ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತ್ತು. ಕರಾವಳಿಯ ವ್ಯಾಪಾರಿಗಳು ಕಟ್ಟಿಬೆಳೆಸಿದ ಹೆಸರುಗಳು ಹೀಗೆ ಫಲಕಗಳಿಂದ ಮರೆಯಾದವು.

2016-17ರಿಂದ 2020-21ರವರೆಗೆ ಸರ್ಕಾರವು ತನ್ನ ಬ್ಯಾಂಕುಗಳಿಗೆ ತುಂಬಿದ ಬಂಡವಾಳ 3.10 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಅದರ ಬಹುಪಾಲು ಬಂದದ್ದು ಮರುಬಂಡವಾಳೀಕರಣ ಬಾಂಡುಗಳ ಮೂಲಕ, ಅಂತಿಮವಾಗಿ ತೆರಿಗೆದಾರರಿಂದ. ಆ ತೆರಿಗೆದಾರರಲ್ಲಿ, ಅದೇ ವರ್ಷಗಳಲ್ಲಿ ಸಾಲ ದೊರೆಯದೆ ಬಡ್ಡಿ ಅಂಗಡಿಗಳಿಗೆ ಎಡತಾಕಿದ ಸಣ್ಣ ಉದ್ಯಮಿಗಳೂ ಇದ್ದರು. ಪರಿಸ್ಥಿತಿ ಈಗ ಬಹಳ ಸುಧಾರಿಸಿದೆ. 2025ರ ಮಾರ್ಚ್‌ನಲ್ಲಿ ವಾಣಿಜ್ಯ ಬ್ಯಾಂಕುಗಳ ಬಂಡವಾಳ ಅನುಪಾತ ಶೇ. 17ಕ್ಕೂ ಹೆಚ್ಚಿದ್ದು, ಒಟ್ಟು ಅನುತ್ಪಾದಕ ಆಸ್ತಿ ಶೇ. 2.3ಕ್ಕೆ ಇಳಿದಿತ್ತು. ಅಂತಹ ಕಾಲದಲ್ಲಿ ಬಂಡವಾಳದ ಕೊರತೆಯ ನೆಪ ಹೇಳಿ ಬಡ್ಡಿ ಏರಿಸುವ ವಾಣಿಜ್ಯ ಬ್ಯಾಂಕಿನ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಪ್ರತಿ ಬ್ಯಾಂಕೂ ತನ್ನ ಅನುಪಾತವನ್ನು ತ್ರೈಮಾಸಿಕವಾಗಿ ಜಾಲತಾಣದಲ್ಲಿ ಪ್ರಕಟಿಸಲೇಬೇಕು.

ಹೂಡಿಕೆದಾರರಾಗಿಯೂ ಉದ್ಯಮಿಗಳು ಪೆಟ್ಟು ತಿಂದಿದ್ದಾರೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರಿಗೆ 50,000 ರೂಪಾಯಿಯ ಮಿತಿ ಕೆಲವೇ ದಿನಗಳ ಕಾಲ ಇತ್ತು. ಆದರೆ ಸುಮಾರು 8,415 ಕೋಟಿ ರೂಪಾಯಿಯ ಶಾಶ್ವತ ಬಾಂಡುಗಳನ್ನು ಸೊನ್ನೆಗೆ ಇಳಿಸಲಾಯಿತು. ನಿಶ್ಚಿತ ಠೇವಣಿಗಿಂತ ಹೆಚ್ಚಿನ ಬಡ್ಡಿಯೆಂದು ಕೊಂಡ ವೈಯಕ್ತಿಕ ಹೂಡಿಕೆದಾರರೂ ಅವರಲ್ಲಿದ್ದರು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆ ಕ್ರಮವನ್ನು ರದ್ದುಪಡಿಸಿತಾದರೂ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದೇ 2020ರ ನವೆಂಬರ್‌ನಲ್ಲಿ, ಬಂಡವಾಳ ಅನುಪಾತವೇ ಸೊನ್ನೆಗಿಂತ ಕೆಳಗಿಳಿದಿದ್ದ ಲಕ್ಷ್ಮೀ ವಿಲಾಸ್ ಬ್ಯಾಂಕು ಡಿ.ಬಿ.ಎಸ್. ಬ್ಯಾಂಕಿನಲ್ಲಿ ವಿಲೀನವಾದಾಗ ಷೇರುದಾರರಿಗೆ ಏನೂ ದಕ್ಕಲಿಲ್ಲ, ಠೇವಣಿಗಳು ಉಳಿದವು. ನಷ್ಟವನ್ನು ಯಾರು ಮೊದಲು ಹೊರಬೇಕೆಂಬ ಸಾಲು ಇಲ್ಲಿ ಅಕ್ಷರಶಃ ಪಾಲನೆಯಾಯಿತು.

ಸಹಕಾರಿ ಬ್ಯಾಂಕುಗಳಲ್ಲಿ ವ್ಯವಹರಿಸುವ ವ್ಯಾಪಾರಿಗಳು ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಬೇಕು. ಅಲ್ಲಿ ಸಾಲಕ್ಕೆ ಪ್ರಮಾಣಾನುಗುಣವಾಗಿ, ರೂಢಿಯಂತೆ ಆಧಾರವಿರುವ ಸಾಲಕ್ಕೆ ಶೇ. 2.5ರಷ್ಟು, ಷೇರು ಕೊಳ್ಳಬೇಕಾಗುತ್ತದೆ. ಸಾಲಗಾರನೇ ಬ್ಯಾಂಕಿನ ಬಂಡವಾಳ ಒದಗಿಸಿದಂತಾಯಿತು. ಆ ಷೇರಿನ ಹಣ ಠೇವಣಿಯಲ್ಲ, ಅದಕ್ಕೆ ಠೇವಣಿ ವಿಮೆಯಿಲ್ಲ. 2022ರಲ್ಲಿ ಪ್ರಕಟವಾದ ನಾಲ್ಕು ಶ್ರೇಣಿಗಳ ನಿಯಮದಂತೆ ಕೆಳಶ್ರೇಣಿಯ ಸಣ್ಣ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಶೇ. 9, ಉಳಿದವುಗಳಿಗೆ 2026ರ ಮಾರ್ಚ್ ಒಳಗೆ ಶೇ. 12 ಬಂಡವಾಳ ಅಗತ್ಯ. ಒಬ್ಬ ಸಾಲಗಾರನಿಗೆ ನೀಡಬಹುದಾದ ಗರಿಷ್ಠ ಸಾಲ ಒಂದನೆಯ ಶ್ರೇಣಿಯ ಬಂಡವಾಳದ ಶೇ. 15. ಬೆಳೆಯುತ್ತಿರುವ ಉದ್ಯಮಕ್ಕೆ ಊರಿನ ಬ್ಯಾಂಕು ಸಾಲದಾಗುವುದು ಇಷ್ಟರಿಂದಲೇ.

ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಖಾತೆದಾರರು 2020ರ ಜನವರಿಯಲ್ಲಿ 35,000 ರೂಪಾಯಿಗಿಂತ ಹೆಚ್ಚು ಹಿಂಪಡೆಯಲಾಗದ ಸ್ಥಿತಿಗೆ ಬಂದರು. ಅದರ ಬೆನ್ನಲ್ಲೇ, ಅದೇ ವರ್ಷದ ಫೆಬ್ರವರಿ 4ರಿಂದ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಚಾಲ್ತಿ ಖಾತೆಗೂ ಈ ವಿಮೆಯುಂಟು. ಆದರೆ ಒಡೆತನದ ಸಂಸ್ಥೆಯ ಚಾಲ್ತಿ ಖಾತೆಯನ್ನೂ ಅದೇ ಬ್ಯಾಂಕಿನಲ್ಲಿರುವ ಒಡೆಯನ ಸ್ವಂತ ಉಳಿತಾಯ ಖಾತೆಯನ್ನೂ ಒಟ್ಟುಗೂಡಿಸಿ ಐದು ಲಕ್ಷವೆಂದೇ ಎಣಿಸಲಾಗುತ್ತದೆ. ಪಾಲುದಾರಿಕೆ ಸಂಸ್ಥೆಯ ಖಾತೆ ಮಾತ್ರ ಪ್ರತ್ಯೇಕ.

2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಎರಡು ಕರಡುಗಳನ್ನು ಪ್ರಕಟಿಸಿತು. ಎರಡೂ 2027ರ ಏಪ್ರಿಲ್ 1ರಿಂದ ಜಾರಿಗೆ ಬರಲೆಂದು ಉದ್ದೇಶಿಸಿದವು. ಒಂದರಂತೆ ಅಪಾಯಭಾರಗಳ ಪಟ್ಟಿ ಪರಿಷ್ಕಾರಗೊಂಡು, ಸಣ್ಣ ಉದ್ಯಮಗಳ ಹಾಗೂ ಗೃಹ ಸಾಲಗಳ ಮೇಲಿನ ಬಂಡವಾಳದ ಹೊರೆ ಇಳಿಯುವ ನಿರೀಕ್ಷೆಯಿದೆ. ಇನ್ನೊಂದರಂತೆ ಸಾಲ ಕೆಟ್ಟ ಮೇಲಲ್ಲ, ಕೆಡುವ ಸೂಚನೆ ಕಂಡಾಗಲೇ ಬ್ಯಾಂಕು ನಿರೀಕ್ಷಿತ ನಷ್ಟಕ್ಕೆ ಅವಕಾಶ ನಿಧಿ ಕಲ್ಪಿಸಬೇಕು. ತೊಂಬತ್ತು ದಿನಗಳೊಳಗೆ ಹೇಗೋ ಸರಿದೂಗಿಸಿದರಾಯಿತೆಂದು ಕಂತನ್ನು ಎಳೆದಾಡುವ ಅಭ್ಯಾಸ ಹಲವರಲ್ಲಿದೆ. ಆ ಕರಡಿನ ಲೆಕ್ಕದಲ್ಲಿ ಬಾಕಿ ಮೂವತ್ತು ದಿನ ದಾಟಿದೊಡನೆಯೇ ಖಾತೆ ಎರಡನೆಯ ಹಂತಕ್ಕೆ ಜಾರಿ, ಬ್ಯಾಂಕಿನ ಲಾಭದಿಂದ ಹೆಚ್ಚಿನ ಮೊತ್ತವನ್ನು ತೆಗೆದಿಡಬೇಕಾಗುತ್ತದೆ.